ಸಹಾಯ ಬೇಕು: ದೋಗೋನ್ ಕಣಜದ ಬಾಗಿಲು ನಿಜಕ್ಕೂ ಹಳೆಯದಾ?

ನಾನಿರುವುದು ಪ್ಯಾರಿಸ್‌ನಲ್ಲಿ. ಹೋದ ತಿಂಗಳು ಹಳೇ ಸಾಮಾನಿನ ಸಂತೆಯಲ್ಲಿ ಮಾಲಿ ದೇಶದ ದೋಗೋನ್ ಜನರ ಕಣಜದ ಬಾಗಿಲೊಂದನ್ನು ಕೊಂಡೆ. ಮೊಳದಷ್ಟು ಎತ್ತರ, ಸಾಲಾಗಿ ನಿಂತ ಪೂರ್ವಿಕರ ಕೆತ್ತನೆ, ಮರದ್ದೇ ಅಗುಳಿ. ನೋಡಿದ ಕೂಡಲೇ ಮನಸೋತೆ. ನೂರು ವರ್ಷ ಹಳೆಯದು ಅಂದರು. ಕಾಗದಪತ್ರ ಏನೂ ಇಲ್ಲ, ಕೇಳಿದರೂ ಸಿಗಲಿಲ್ಲ. ಮಾಲಿಯಲ್ಲಿ 1985ರಿಂದಲೇ ಇಂಥ ವಸ್ತುಗಳ ರಕ್ಷಣೆಗೆ ಕಾನೂನಿದೆ, ಅದೂ ಒಂದು ಚಿಂತೆ.

ಟಾರ್ಚ್ ಬಿಟ್ಟು ಭೂತಗನ್ನಡಿಯಲ್ಲಿ ನೋಡಿದೆ. ಬೊಂಬೆಗಳ ಮೂಗು, ಹೊಟ್ಟೆ ಸವೆದು ನುಣ್ಣಗಾಗಿವೆ. ಆದರೆ ಅಗುಳಿ ಎಳೆದರೆ ಒಳಗಿನ ಮರ ಇನ್ನೂ ಬೆಳ್ಳಗಿದೆ, ಉಳಿಯ ಗುರುತು ಚೂಪಾಗಿಯೇ ಇದೆ. ದಿನಾ ಜಾರುವ ಜಾಗವೇ ಮೊದಲು ಸವೆಯಬೇಕು ಅಲ್ವಾ?

ಹಳೇ ಬಾಗಿಲಿಗೆ ಅಗುಳಿ ಮಾತ್ರ ಆಮೇಲೆ ಕೂರಿಸಿದ್ದಾ, ಇಲ್ಲಾ ಇಡೀ ಬಾಗಿಲೇ ಮಾರಾಟಕ್ಕೆಂದು ಮಾಡಿದ್ದಾ? ಇದು ತಿಳಿಯಲು ಹಿಂಬದಿಯಲ್ಲಿ ಯಾವ ಗುರುತು ಹುಡುಕಬೇಕು?