ಬಾಗಲಕೋಟಿ ಹುಡುಗನ ಹೊಸ ಆಲ್ಬಮ್: ಬರಹ ಗಟ್ಟಿ ಅದ, ಹುಕ್ಕಿನಾಗ ಧ್ವನಿ ಯಾಕ ಮುಳುಗ್ಯದ?

ಗುಮ್ಮಟ_ಎಕೊ, ವಿಜಯಪುರ

ಶುಕ್ರವಾರ ಬಂದ 9 ಹಾಡಿನ ರ್ಯಾಪ್ ಆಲ್ಬಮ್ ಇಲ್ಲಿ ಎಲ್ಲಾರೂ ಕೇಳಿರಬೇಕು. ಹೋದ ವರ್ಷದ ಸಿಂಗಲ್‌ಗಳಿಗಿಂತ ಬರಹ ಭಾಳ ಮುಂದ ಹೋಗ್ಯದ, ಅದರಾಗ ತಕರಾರಿಲ್ಲ. 4ನೇ ಹಾಡಿನ ಹುಕ್ಕಿನಾಗ (ತಿರುತಿರುಗಿ ಬರೋ ಪಲ್ಲವಿಯೊಳಗ) ಇರೋದು ಬರೇ ಎರಡು ಅಂಕಿ, "ಐನೂರಾ ಹತ್ತೊಂಬತ್ತು, ಐನೂರಾ ಇಪ್ಪತ್ನಾಕು". ಬ್ಯಾರೆ ಕಡೆಯವರಿಗೆ ಏನಂತ ತಿಳೀಲಿಕ್ಕಿಲ್ಲ. ಆಲಮಟ್ಟಿ ನೀರಿನ ಮಟ್ಟ 519.60 ಮೀಟರ್‌ನಿಂದ 524.256ಕ್ಕ ಏರಸಲಿಕ್ಕೆ 2010ರಾಗ ಎರಡನೇ ಕೃಷ್ಣಾ ನ್ಯಾಯಾಧಿಕರಣ ಒಪ್ಪಿದ್ದು, ಆ ನಾಲ್ಕೂವರಿ ಮೀಟರ್ ಚಿಲ್ಲರ ನೀರು ಯಾರ ಹೊಲದಾಗ ನಿಲ್ಲತದ ಅನ್ನೋದು ಬಾಗಲಕೋಟಿ ಮಂದಿಗೆ ಬಿಡಿಸಿ ಹೇಳಬೇಕಾಗಿಲ್ಲ. ಭಾಷಣ ಇಲ್ಲದ ಹಂಗ ಬರದಾನ, ಶಭಾಷ್.

ಆದ್ರ ಮೂರು ವಿಷಯ ತಲಿ ತಿನ್ನಾಕತ್ಯಾವ. ಒಂದು, 3 ಮತ್ತ 6ನೇ ಹಾಡಿನ ಹುಕ್ಕು ಹೆಡ್‌ಫೋನಿನಾಗ ಛಲೋ ಕೇಳತದ, ಫೋನ್ ಸ್ಪೀಕರಿನಾಗ ಧ್ವನಿನೇ ಇಲ್ಲ. ಎರಡು, 5ನೇ ಹಾಡಿನಾಗ ಅಂವ ಯಾಕ ಅಷ್ಟು ಎಡವತಾನ? ಮೂರು, ಮೊದಲನೇ ಹಾಡಿನ ಶುರುವಿನ ಪ್ರತಿಧ್ವನಿ ಖರೇನ ಗೋಳಗುಮ್ಮಟದಾಗ ರೆಕಾರ್ಡ್ ಮಾಡಿದ್ದೋ, ಕಂಪ್ಯೂಟರಿನದೋ? ತಿಳಿದವರು ಹೇಳ್ರಿ. "ಬೆಂಕಿ", "ಡಬ್ಬಾ" ಅನ್ನೋ ಒಂದು ಶಬ್ದದ ಉತ್ತರ ಬ್ಯಾಡ.

ಮಾತ್ರೆ_ಗಣ

ನಿಮ್ಮ ಎರಡನೇ ಪ್ರಶ್ನೆಗೆ 3ನೇ ಹಾಡಿನಿಂದ ಬರಬೇಕು, ಯಾಕೆಂದರೆ ಅವನಿಗೆ ಲಯ ಗೊತ್ತಿಲ್ಲ ಅನ್ನುವವರ ಬಾಯಿ ಮುಚ್ಚಿಸುವುದು ಅದೇ. ಎರಡನೇ ಚರಣದ ಆರಂಭ:

ಕಬ್ಬ ಕಡದ ಕೈಯಾಗ ಮೈಕ ಹಿಡದಾನ
ಹಬ್ಬ ಬಂದಾಗ ಸಾಲದ ಚೀಟಿ ಹರದಾನ

ವೇಗ 88 ಬಿಪಿಎಂ, ಅಂದರೆ ನಿಮಿಷಕ್ಕೆ 88 ಬೀಟ್. ಒಂದು ಬಾರ್‌ಗೆ 16 ಮನೆ (ನಾಲ್ಕು ಬೀಟ್, ಬೀಟಿಗೆ ನಾಲ್ಕು ಮನೆ), ಮನೆಯೊಂದಕ್ಕೆ ಸುಮಾರು 170 ಮಿಲಿಸೆಕೆಂಡ್. ಬಾಯಲ್ಲಿ ಹೇಳಿ ಎಣಿಸಿದರೆ ಎರಡೂ ಸಾಲಿಗೆ 14 ಉಚ್ಚಾರ. ಮನೆಗೊಂದರಂತೆ ಕೂರಿಸಿ: "ಹಿಡದಾನ"ದ "ದಾ" 13ನೇ ಮನೆಗೆ, ಅಂದರೆ ನಾಲ್ಕನೇ ಬೀಟಿನ ಸ್ನೇರ್ ಡ್ರಮ್ಮಿನ ಏಟಿನ ಮೇಲೆಯೇ ಬೀಳುತ್ತದೆ. "ಹರದಾನ"ದ "ದಾ" ಕೂಡ ಅಲ್ಲೇ. ಕೊನೆಯ ಎರಡು ಮನೆ ಉಸಿರಿಗೆ. ಇದನ್ನೇ "ಕಬ್ಬು ಕಡಿದ ಕೈಯಲ್ಲಿ ಮೈಕು ಹಿಡಿದಿದ್ದಾನೆ" ಅಂತ ಬರೆದಿದ್ದರೆ 15 ಆಗಿ, ಸ್ನೇರ್ ಮೇಲೆ "ದಿದ್" ಬಂದು "ದಾ" ಒಂದು ಮನೆ ಆಚೆ ಜಾರುತ್ತಿತ್ತು, ಉಸಿರಿಗೂ ಒಂದೇ ಮನೆ ಉಳಿಯುತ್ತಿತ್ತು. ಊರಿನ ಮಾತನ್ನು ಬಳಸಿದ್ದು ಬರೀ ಜವಾರಿ ಗತ್ತಿಗಲ್ಲ, ಅದು ಲೆಕ್ಕಕ್ಕೂ ಸರಿ. ತಲೆಯಲ್ಲಿ ಕಬ್ಬ, ಹಬ್ಬ ಅಂತ ದ್ವಿತೀಯಾಕ್ಷರ ಪ್ರಾಸ ಬೇರೆ, ಅದು ನಮ್ಮಲ್ಲಿ ಹಳೆಗನ್ನಡದಿಂದ ಬಂದ ಚಾಳಿ. ತಪ್ಪು ಹುಡುಕಲೇಬೇಕು ಅಂದರೆ ಎರಡನೇ ಬೀಟ್ ನೋಡಿ. ಆ ಸ್ನೇರ್ ಕೆಳಗೆ, 5ನೇ ಮನೆಯಲ್ಲಿ, ಮೊದಲ ಸಾಲಿಗೆ "ಕಡದ"ದ "ದ", ಎರಡನೆಯದಕ್ಕೆ "ಬಂದಾಗ"ದ "ಗ". ಎರಡೂ ಹ್ರಸ್ವ, ಎರಡೂ ಪದದ ಬಾಲ. ಅಲ್ಲಿ ಹೊಡೆತ ಪೊಳ್ಳು.

5ನೇ ಹಾಡು 140ರ ಹಾಫ್‌ಟೈಮ್, ಪೂರ್ತಿ ಟ್ರಿಪ್ಲೆಟ್, ಅಂದರೆ ಬೀಟಿಗೆ ನಾಲ್ಕರ ಬದಲು ಮೂರು ಮನೆ. ಅಲ್ಲಿ ಮನೆ 143 ಮಿಲಿಸೆಕೆಂಡಿಗೆ ಇಳಿಯುತ್ತದೆ, ಮೂರು ಮನೆಯ ಗುಂಪು. ಕನ್ನಡಕ್ಕೆ ಇದು ಕಷ್ಟವೇನಲ್ಲ. ಮೂರು ಮಾತ್ರೆಯ ಗಣ ನಮ್ಮದೇ. ಕಡದ, ಸಾಲ, ಮೈಕ, ಕಬ್ಬ, ಇವೆಲ್ಲ ಗುರುವಿಗೆ ಎರಡು ಮನೆ ಕೊಟ್ಟರೆ ಸಲೀಸಾಗಿ ಕೂರುತ್ತವೆ. ಅವನು ತುಂಬಿರುವುದು "ಹೋಗಿದ್ದೆ", "ನಿಂತಿದ್ದ" ಜಾತಿಯ ಐದು ಮಾತ್ರೆಯ ಪದಗಳನ್ನು. ಐದನ್ನು ಮೂರಕ್ಕೆ ತುರುಕಿದಾಗ ಮೊದಲು ಸಾಯುವುದು ಒತ್ತಕ್ಷರ. 0:52ರಲ್ಲಿ ಕಿವಿಗೊಡಿ, "ಹೋಗಿದ್ದೆ" ಅನ್ನುವುದು "ಹೋಗಿದೆ" ಅಂತ ಕೇಳುತ್ತದೆ, ಅರ್ಥವೇ ಬೇರೆಯಾಯಿತು. ಟ್ರ್ಯಾಪ್ ಹಾಡು ಕೇಳಿ ನಡೆಯನ್ನು ಮೊದಲು ಹಿಡಿದು, ಆಮೇಲೆ ಪದ ಹುಡುಕಿದಂತಿದೆ.

7ನೇ ಹಾಡಿನ ಬಗ್ಗೆ ಯಾರೂ ಮಾತಾಡುತ್ತಿಲ್ಲ, ಆಲ್ಬಮ್ಮಿನ ಜೀವ ಅದು. ಭಾಮಿನಿ ಷಟ್ಪದಿಯ ನಡೆ. 3+4+3+4, ಅಂದರೆ 14 ಮಾತ್ರೆ, 16 ಮನೆಯಲ್ಲಿ ಎರಡು ಖಾಲಿ. ಕುಮಾರವ್ಯಾಸನ ಅಳತೆ ಹಿಪ್‌ಹಾಪ್ ಬಾರ್‌ನಲ್ಲಿ ಇಷ್ಟು ಆರಾಮಾಗಿ ಕೂರುತ್ತದೆ ಅಂತ ತೋರಿಸಿಕೊಟ್ಟ. ಮೂರನೇ ಮತ್ತು ಆರನೇ ಸಾಲು ಮಾತ್ರ 23 ಮಾತ್ರೆ, ಎರಡು ಬಾರ್ ಬೇಕು, 9 ಮನೆ ಖಾಲಿ ಉಳಿಯುತ್ತದೆ. ಅಲ್ಲಿ "ಯಾ", "ಹೂಂ" ಅಂತ ಆ್ಯಡ್‌ಲಿಬ್ ತುಂಬಿ ಕೆಡಿಸಿದ್ದಾನೆ. ಆ ಜಾಗವನ್ನು ಹಲಗಿಗೆ ಬಿಡಬೇಕಿತ್ತು.

ಕೌದಿ_ಸ್ಟುಡಿಯೊ, ಬಾಗಲಕೋಟೆ

ಮೊದಲನೇ ಪ್ರಶ್ನೆ ನನಗ ಬಿಡ್ರಿ. ಹುಕ್ಕಿನ ಟ್ರ್ಯಾಕ್ ಮೊನೊ ಮಾಡಿ (ಎಡ, ಬಲ ಎರಡೂ ಕೂಡಿಸಿ) ಕೇಳ್ರಿ, ಧ್ವನಿ ಅರ್ಧಕ್ಕರ್ಧ ಮಾಯ ಆಗತೈತಿ. ಅಂದ್ರ ಒಂದ ಟೇಕ್ (ಒಂದು ಸಲ ಹಾಡಿದ್ದು) ಕಾಪಿ ಮಾಡಿ, ಒಂದು ಕಡೆ 15–20 ಮಿಲಿಸೆಕೆಂಡ್ ಸರಿಸಿ, ಎಡಕ್ಕೊಂದು ಬಲಕ್ಕೊಂದು ಇಟ್ಟಾರ. ಹೆಡ್‌ಫೋನಿನಾಗ ಅದು ಅಗಲ ಅನಸತೈತಿ. ಫೋನು, ಬ್ಲೂಟೂತ್ ಡಬ್ಬಿ, ಟ್ರ್ಯಾಕ್ಟರ್ ಸ್ಪೀಕರ್, ಇವುಗಳಾಗ ಎರಡೂ ಕೂಡಿ ಒಂದಾಗತಾವ, ಅವಾಗ ಕೆಲವು ಫ್ರೀಕ್ವೆನ್ಸಿ ಒಂದಕ್ಕೊಂದು ಕಡದ ಹೋಗತಾವ. ನಮ್ಮ ಕಡೆ ಮಂದಿ ಕೇಳೋದ ಇಂಥಾದ್ದರಾಗ. ಕಬ್ಬಿನ ಸೀಜನ್ ಬಂದ್ರ ಅರ್ಧ ಜಿಲ್ಲಾ ಟ್ರ್ಯಾಕ್ಟರಿನಾಗ ಕೇಳತೈತಿ.

ದಾರಿ ಸರಳ ಐತಿ. ಕಾಪಿ ಮಾಡಬ್ಯಾಡ್ರಿ, ಹುಕ್ಕು ಮೂರು ಸಲ ಬ್ಯಾರೆ ಬ್ಯಾರೆ ಹಾಡ್ರಿ. ಛಲೋ ಟೇಕ್ ನಡುವ, ಉಳಿದೆರಡು ಪೂರ್ತಿ ಎಡ, ಪೂರ್ತಿ ಬಲ, ನಡುವಿನಕಿಂತ 8–10 ಡಿಬಿ ಕೆಳಗ. ಎರಡು ಬದಿಯವಕ್ಕ 200 ಹರ್ಟ್ಜ್ ತನಕ ಲೋಕಟ್ (ಅದರ ಕೆಳಗಿನ ಸಪ್ಪಳ ತಗಿಯೋದು). ಅವುಗಳಾಗ ಸ, ಶ, ಟ ಗಟ್ಟಿಯಾಗಿ ಹೇಳಬಾರದು, ಮೂರು ಟೇಕಿನ "ಸ" ಮೂರು ಕಡೆ ಬಿದ್ರ ಚಿರ್ ಚಿರ್ ಅಂತೈತಿ. ಹಂಗಾದ್ರೂ ಉಳದ್ರ 5ರಿಂದ 8 ಕಿಲೋಹರ್ಟ್ಜ್ ನಡುವ ಡಿ-ಎಸ್ಸರ್ (ಸ, ಶ ಸಪ್ಪಳ ಇಳಿಸೋ ಸಾಧನ).

ಚರಣದ ಧ್ವನಿನೂ ಡಬ್ಬಿಯೊಳಗಿಂದ ಬಂದಂಗ ಐತಿ, ಅದು ಮಿಕ್ಸಿನ ತಪ್ಪಲ್ಲ, ಖೋಲಿದು. ಪತ್ರಾಸಿನ ಮಾಳಗಿ, ಬರೇ ಗ್ವಾಡಿ, ಅದರಾಗ ಕಂಡೆನ್ಸರ್ ಮೈಕು. ಎಷ್ಟ ಪ್ಲಗ್‌ಇನ್ ಹಾಕಿದ್ರೂ ಆ ಗುಂಯ್‌ಗುಡೋದು ಹೋಗಂಗಿಲ್ಲ. ಹಾಡೋನ ಬೆನ್ನ ಹಿಂದ ಮತ್ತ ಎರಡೂ ಬದಿಗೆ ದಪ್ಪ ಕೌದಿ ಹಾಕ್ರಿ, ಗ್ವಾಡಿಗೆ ಅಂಟಿಸಿ ಅಲ್ಲ, ನಾಕ ಬೆರಳ ಬಿಟ್ಟು ಜೋತುಬಿಡ್ರಿ. ಮಂದಿ ಮೈಕಿನ ಹಿಂದ ಹಾಕತಾರ, ಆದ್ರ ಮೈಕು ಕೇಳೋದು ಹಾಡೋನ ಹಿಂದಿನ ಗ್ವಾಡಿ. ಬಾಯಿಂದ ಮೈಕಿಗೆ ಒಂದು ಗೇಣು, ನಡುವ ಪಾಪ್ ಫಿಲ್ಟರ್. ಆಮ್ಯಾಲ 90 ಹರ್ಟ್ಜ್ ಕೆಳಗ ತಗದು, 250–350 ಹರ್ಟ್ಜ್‌ದಾಗ 2–3 ಡಿಬಿ ಇಳಿಸಿದ್ರ ಸಾಕು.

ಇನ್ನ ಮಾಸ್ಟರ್, ಅಂದ್ರ ಬಿಡುಗಡೆಗೆ ತಯಾರಾದ ಕಡೀ ಫೈಲು. ಜೋರು ಅಳಿಯೋ ಮೀಟರಿನಾಗ −7 ಎಲ್‌ಯುಎಫ್‌ಎಸ್ ತೋರಸತೈತಿ. ಸ್ಪಾಟಿಫೈ ಅದನ್ನ −14ಕ್ಕ ಇಳಸತೈತಿ, ಅಂದ್ರ 7 ಡಿಬಿ ಜೋರು ಮಾಡಿದ್ದು ಪುಕ್ಕಟೆ ಹೋತು, ಲಿಮಿಟರ್ (ಜೋರಾದ ಏಟು ಅಮುಕೋ ಸಾಧನ) ಅಮುಕಿದ ಕಿಕ್ ಡ್ರಮ್ಮು, ಹಲಗಿ ಮಾತ್ರ ಚಪ್ಪಟೆ ಉಳೀತು. −10ರ ಹತ್ತಿರ ನಿಲ್ಲಿಸಿ, ಟ್ರೂ ಪೀಕ್ −1 ಇಟ್ಟಿದ್ರ ಇದಕಿಂತ ಖಡಕ್ ಬರತಿತ್ತು.

ಹಲಗಿ_ಹೊಡ್ತ, ಬೆಳಗಾವಿ

ಕೌದಿ ಅಣ್ಣಾರ ಹೇಳಿದ್ದೆಲ್ಲಾ ಖರೆ, ಆದ್ರ ತಪ್ಪೆಲ್ಲಾ ಮಿಕ್ಸಿನ ಮ್ಯಾಲ ಹಾಕೂದು ನನಗ ಒಪ್ಪಿಗಿಲ್ಲ. 3ನೇ ಹಾಡಿನಾಗ ಧ್ವನಿ ತಿನ್ನೂದು ಹಲಗಿ. ಸಣ್ಣ ಕಡ್ಡಿ ಏಟಿನ ಚಟ್ ಅನ್ನೂದು 2ರಿಂದ 5 ಕಿಲೋಹರ್ಟ್ಜ್‌ದಾಗ ಕುಂದರತೈತಿ, ಮಾತಿನ ವ್ಯಂಜನ ತಿಳಿಯೂದೂ ಅಲ್ಲೇ. 16ರಾಗ 14 ಮನಿಗೂ ಮಾತು ಇದ್ದಾಗ ಹಲಗಿನೂ 16 ಮನಿ ಬಾರಿಸಿದ್ರ ಯಾವನ ಮಾತು ಕೇಳಬೇಕು? ಚರಣದಾಗ ದಪ್ಪ ಕೋಲಿನ ಏಟು ಅಷ್ಟ ಇಡಬೇಕಿತ್ತು, ಚಟಚಟ ಎಲ್ಲಾ ಸಾಲಿನ ಕೊನಿ ಎರಡು ಮನಿಗೆ. ಹೋಳಿ ಹಲಗಿ ಕೇಳ್ರಿ, ಬೊಬ್ಬಿ ಹೊಡಿಯೂ ಮುಂದ ಕೈ ಹಗುರ ಮಾಡ್ತಾರ.

ಇನ್ನೊಂದು, ಯಾರೂ ಹಿಡಿಲಿಲ್ಲ. ಮೊದಲ ಚರಣದ ಹಲಗಿಗೂ ಎರಡನೇದಕ್ಕೂ ಸ್ವರ ಬ್ಯಾರೆ. ಚರ್ಮ ಬೆಂಕಿಗೆ ಕಾಸಿದಾಗ ಬಿಗಿ ಇರತೈತಿ, ಆರಿದಂಗ ಸಡ್ಲ ಆಗಿ ಇಳಿತೈತಿ. ಒಂದು ಟೇಕ್ ಕಾಸಿದ ಕೂಡ್ಲೆ, ಇನ್ನೊಂದು ಆರಿದ ಮ್ಯಾಲ ತಗೊಂಡು, ಎರಡೂ ಲೂಪಿಗೆ ಹಾಕ್ಯಾರ. ಕೆಳಗ 808 (ಡ್ರಮ್ ಮಷಿನಿನ ಬೇಸ್) ಎಫ್ ಸ್ವರದಾಗ ಐತಿ, ಸುಮಾರು 43.7 ಹರ್ಟ್ಜ್. ಮೊದಲನೇ ಚರಣದಾಗ ಹೊಂದಿದ್ದು ಎರಡನೇದರಾಗ ಕಿವಿಗೆ ಕಚ್ಚತೈತಿ. ಹಲಗಿ ರೆಕಾರ್ಡ್ ಮಾಡೋರು ಪ್ರತಿ ಟೇಕಿಗೆ ಮೊದಲು ಕಾಸ್ರಿ, ಟ್ಯೂನರಿನಾಗ ನೋಡ್ರಿ, ಆಮ್ಯಾಲ ಬಾರಿಸ್ರಿ. ಆ 43.7 ಫೋನಿನಾಗ ಹ್ಯಾಂಗೂ ಕೇಳೂದಿಲ್ಲ, ಸ್ವಲ್ಪ ಸ್ಯಾಚುರೇಷನ್ (ಸಪ್ಪಳ ತುಸು ಒಡಿಯೂ ಪರಿಣಾಮ) ಹಾಕಿದ್ರ 87, 131 ಹರ್ಟ್ಜ್‌ದಾಗ ಹಾರ್ಮೋನಿಕ್ಸ್ (ಅದರ ಎರಡು, ಮೂರು ಪಟ್ಟಿನ ಸ್ವರ) ಎದ್ದು, ಅದರ ಮ್ಯಾಲಿನವೂ ಹುಟ್ಟಿ, ಬೇಸ್ ಐತಿ ಅಂತ ಕಿವಿಗೆ ಅನಸತೈತಿ.

ಗುಮ್ಮಟದ ಪ್ರಶ್ನೆಕ್ಕ ಲೆಕ್ಕ ಮಾಡ್ರಿ. ಒಳಗಿನ ಅಡ್ಡಗಲ ಸುಮಾರು 38 ಮೀಟರ್. ಎದುರಿನ ಗ್ವಾಡಿಗೆ ಹೋಗಿ ಬರಾಕ 76 ಮೀಟರ್, ಸಪ್ಪಳದ ವೇಗದಾಗ 0.22 ಸೆಕೆಂಡ್. ಆ ಮೊದಲನೇ ಹಾಡಿನ ವೇಗನೂ 88, ಅದರಾಗ ಮನಿ 0.17, ಎರಡು ಮನಿ 0.34. ಹಾಡಿನಾಗ ಪ್ರತಿಧ್ವನಿ ಸರಿಯಾಗಿ ಎರಡೆರಡು ಮನಿಗೆ ಬೀಳತೈತಿ, ಒಂದು ಕೂದಲ ಆಚೀಚೆ ಇಲ್ಲ. ಟೆಂಪೊಕ್ಕ ಕಟ್ಟಿದ ಡಿಲೇ ಪ್ಲಗ್‌ಇನ್ ಅದು. ಹಂಗೂ ಆ ಗ್ಯಾಲರಿಯೊಳಗ ಹಗಲೆಲ್ಲಾ ಪ್ರವಾಸಿಗರ ಕೂಗು, ಸೀಟಿ. ಸ್ವಚ್ಛ ಟೇಕ್ ಯಾರಿಗೆ ಸಿಗತೈತ್ರಿ? ಆ ಒಂದು ಹಾಡು 68 ಬಿಪಿಎಂಕ್ಕ ಇಳಿಸಿದ್ರ ಮನಿ 0.22 ಆಗಿ, ಗುಮ್ಮಟದ ಅಳತಿನ ಹಾಡಿನ ಅಳತಿ ಆಗತಿತ್ತು. ಯಾರಾರ ಮಾಡ್ರಿ.

ನವನಗರ_ಸೆಕ್ಟರ್

ಅಂವ ಮತ್ತ ಒಬ್ಬಾಕಿ ಕೂಡಿ ಹಾಡಿದ 6ನೇ ಹಾಡು ಹರದೇಶಿ-ನಾಗೇಶಿ ಅಂತ ಹೇಳ್ಕೊಂಡು ತಿರಗತಾರಲ್ಲ, ಅದಕ್ಕ ನನ್ನ ವಿರೋಧ ಐತಿ. ಹರದೇಶಿಯವರು ಗಂಡಿನ ಪಕ್ಷ, ನಾಗೇಶಿಯವರು ಹೆಣ್ಣಿನ ಪಕ್ಷ ಹಿಡಿದು ರಾತ್ರಿಗಟ್ಲೆ ಸವಾಲ್-ಜವಾಬ್ ಮಾಡೋದು. ಎದುರಿನವರ ಕೊನೆ ಮಾತು ಹಿಡಿದು ಅಲ್ಲಿಂದಲೇ ಉತ್ತರ ಎತ್ತಬೇಕು, ಇಲ್ಲಂದ್ರ ಕುಂತ ಮಂದಿ ಬಿಡಂಗಿಲ್ಲ. ಇಲ್ಲಿ ಅಂವ "ಹೊಲ ಯಾರದು" ಅಂತ ಕೇಳತಾನ, ಆಕಿ ತನ್ನ 16 ಬಾರ್‌ನಾಗ ಹೊಲದ ಸುದ್ದಿನೇ ಎತ್ತಂಗಿಲ್ಲ. ಇಬ್ಬರೂ ಬ್ಯಾರೆ ಬ್ಯಾರೆ ಊರಾಗ ಕುಂತು ಬೀಟ್ (ಹಾಡಿನ ಹಿಂದಿನ ಸಂಗೀತ) ಕಳಿಸ್ಕೊಂಡು ಬರದಂಗ ಕೇಳತೈತಿ. ಆಕಿ ದನಿ, ಆಕಿ ಗತ್ತು ಅವನಕಿಂತ ಮ್ಯಾಲ, ಅದು ಬ್ಯಾರೆ ಮಾತು. 16-16 ಬದಲು 4-4 ಬಾರ್ ಹಂಚಿಕೊಂಡಿದ್ರ ಉತ್ತರ ಕೊಡದೆ ತಪ್ಪಿಸಿಕೊಳ್ಳಾಕ ಜಾಗ ಇರತಿರಲಿಲ್ಲ.

ಲೀಸ್_ಓದ್ರಿ

2 ಮತ್ತ 8ನೇ ಹಾಡಿನ ಬೀಟು ನೆಟ್‌ನಾಗ ಲೀಸಿಗೆ ಸಿಗೋದು, ಅದೇ ಬೀಟಿನ ಮ್ಯಾಲ ಮತ್ತಷ್ಟು ಮಂದಿ ಹಾಡ್ಯಾರ. ತಪ್ಪಲ್ಲ, ಆದ್ರ ಎಕ್ಸ್‌ಕ್ಲೂಸಿವ್ ಅಲ್ಲದ ಲೀಸ್ ಇದ್ರ ಯೂಟ್ಯೂಬ್ ಕಂಟೆಂಟ್ ಐಡಿ (ಅದೇ ಸಂಗೀತ ಇರೋ ವಿಡಿಯೊ ತಾನಾಗಿ ಹಿಡಿಯೋ ವ್ಯವಸ್ಥೆ) ಆನ್ ಮಾಡಬಾರದು. ಮಾಡಿದ್ರ ಅದೇ ಬೀಟ್ ಕೊಂಡ ಉಳಿದವರ ವಿಡಿಯೊಕ್ಕೆಲ್ಲಾ ಕ್ಲೇಮ್ ಹೋಗ್ತದ, ಅವರು ತಿರುಗಿ ಡಿಸ್ಪ್ಯೂಟ್ ಹಾಕ್ತಾರ, ಕಡೀಕೆ ಡಿಸ್ಟ್ರಿಬ್ಯೂಟರ್ (ಹಾಡನ್ನ ಆ್ಯಪ್ಪುಗಳಿಗೆ ಕಳಿಸೋನು) ಹಾಡನ್ನೇ ಕಿತ್ತು ಹಾಕ್ತಾನ. ಲೀಸ್ ಪತ್ರದಾಗ ಸ್ಟ್ರೀಮಿನ ಮಿತಿ, ಅವಧಿ ಎರಡೂ ಇರ್ತಾವ, ಓದಿಟ್ಕೋಬೇಕು. ಎಂಪಿ3 ಲೀಸ್ ತಗೊಂಡಿದ್ದು 8ನೇ ಹಾಡಿನಾಗ ಗೊತ್ತಾಗ್ತದ, ಹೈಹ್ಯಾಟ್ ನೀರಾಗ ಅದ್ದಿದಂಗ ಅದಾವ. ಸ್ಟೆಮ್ಸ್ (ಒಂದೊಂದು ವಾದ್ಯದ ಬ್ಯಾರೆ ಬ್ಯಾರೆ ಫೈಲು) ತಗೊಂಡಿದ್ರ ಧ್ವನಿಗೆ ಜಾಗ ಮಾಡಬಹುದಿತ್ತು. ಎರಡೇ ಚಾನೆಲ್ ಕೈಯಾಗಿದ್ರ ಏನೂ ಆಗಂಗಿಲ್ಲ.

9ನೇ ಹಾಡಿನ ಶುರುವಿಗೆ ಚೌಡಕಿ ಪದದ ತುಣುಕು ಅದ. ಪದ ಜನಪದ, ಅದಕ್ಕ ಯಾರೂ ಕೇಳಂಗಿಲ್ಲ. ಆದ್ರ ಅದು ಹಳೇ ಕ್ಯಾಸೆಟ್ಟಿಂದ ಎತ್ತಿದ್ದಾದ್ರ ಆ ಧ್ವನಿಮುದ್ರಣಕ್ಕ ಪ್ರಕಟ ಆದ ಮ್ಯಾಲ 60 ವರ್ಷದ ಹಕ್ಕು ಇರ್ತದ. ಚೌಡಕಿ ಬಾರಿಸೋರನ್ನ ಕರಸಿ, ರೊಕ್ಕ ಕೊಟ್ಟು, ಒಂದು ಕಾಗದಕ್ಕ ಸಹಿ ಮಾಡಿಸಿ ಹೊಸದಾಗಿ ರೆಕಾರ್ಡ್ ಮಾಡೋದು ಸೋವಿ.

ಗುಮ್ಮಟ_ಎಕೊ, ವಿಜಯಪುರ

ಎಲ್ಲಾರಿಗೂ ಶರಣು. ಹಂಗಾದ್ರ 3 ಮತ್ತ 6ನೇ ಹಾಡು ತಿರುಗಿ ಮಿಕ್ಸ್ ಮಾಡಿ ಹಳೇದು ತಗದು ಹೊಸದು ಹಾಕಿದ್ರ? ಎಷ್ಟು ಸಲ ಕೇಳ್ಯಾರ ಅನ್ನೋ ಲೆಕ್ಕ ಉಳೀತದೇನು?

ಲೀಸ್_ಓದ್ರಿ

ಉಳಿಯಂಗಿಲ್ಲ. ಅದೇ ಫೈಲ್ ಬ್ಯಾರೆ ಡಿಸ್ಟ್ರಿಬ್ಯೂಟರ್ ಕಡೆಯಿಂದ ಹಾಕಿದ್ರ ಹಳೇ 12 ಅಕ್ಷರದ ಐಎಸ್‌ಆರ್‌ಸಿ (ಆ ರೆಕಾರ್ಡಿಂಗಿನ ಗುರುತಿನ ಕೋಡ್) ಕೊಟ್ಟು ಲೆಕ್ಕ ಉಳಿಸ್ಕೋಬಹುದು. ಹುಕ್ಕು ಹೊಸದಾಗಿ ಹಾಡಿ ಮಿಕ್ಸ್ ಬದಲಾದ್ರ ಅದು ಹೊಸ ರೆಕಾರ್ಡಿಂಗ್, ಹೊಸ ಕೋಡ್, ಲೆಕ್ಕ ಸೊನ್ನೆಯಿಂದ. 2024ರಿಂದ ಸ್ಪಾಟಿಫೈದಾಗ 12 ತಿಂಗಳಿಗೆ 1000 ಸ್ಟ್ರೀಮ್ ದಾಟದ ಹಾಡಿಗೆ ರೊಕ್ಕಾನೂ ಇಲ್ಲ. ಹಳೇದು ತಗೀಬಾರದು, 3ನೇದನ್ನ ಬ್ಯಾರೆ ಸಿಂಗಲ್ ಅಂತ ಹೊಸದಾಗಿ ಹಾಕಬೇಕು.

ಮಾತ್ರೆ_ಗಣ

ಹಾಕುವುದಾದರೆ 5ನೇ ಹಾಡಿನ ಸಮಸ್ಯೆಯನ್ನೂ ನೋಡಲಿ. ಆ ಟ್ರಿಪ್ಲೆಟ್ ಮೇಲೆ "ಹೋದೆ", "ನಿಂತ" ಇಟ್ಟರೆ ತಾವಾಗಿಯೇ ಕೂರುತ್ತವೆ. ಎರಡೂ ಮೂರೇ ಮಾತ್ರೆ.

ಹಲಗಿ_ಹೊಡ್ತ, ಬೆಳಗಾವಿ

ಮತ್ತ ಹಲಗಿ ಕಾಸಿ ಬಾರಿಸ್ರಿ. ಟ್ಯೂನರ್ ಆ್ಯಪ್ ಪುಕ್ಕಟೆ ಸಿಗತೈತಿ.