ಒರಗುವ ಗಾಲಿಕುರ್ಚಿಯ ಬೆನ್ನೊರಗು ಒಂದೇ ಬದಿಯಲ್ಲಿ ಜಾರುತ್ತಿದೆ: ಮನೆಯಲ್ಲೇ ಸರಿಪಡಿಸಬಹುದೇ?

ಪ್ರಶ್ನೆ:
ಪಾರ್ಶ್ವವಾಯುವಿನಿಂದ ಎಡಭಾಗದ ಸ್ವಾಧೀನ ಕಳೆದುಕೊಂಡಿರುವ ನಮ್ಮ ತಂದೆಯವರು ಹಗಲಿನ ಬಹುಪಾಲು ಹೊತ್ತನ್ನು ಒರಗುವ ಗಾಲಿಕುರ್ಚಿಯಲ್ಲೇ ಕಳೆಯುತ್ತಾರೆ. ಹಿಂದಿನ ಹಿಡಿಗಳಲ್ಲಿರುವ ಎರಡು ಲಿವರ್‌ಗಳನ್ನು ಒಟ್ಟಿಗೆ ಒತ್ತಿದರೆ ಬೆನ್ನೊರಗು ಬಾಗಬೇಕು, ಬಿಟ್ಟರೆ ಅಲ್ಲೇ ನಿಲ್ಲಬೇಕು. ಇತ್ತೀಚೆಗೆ ಬಲಬದಿ ನಿಲ್ಲುತ್ತದೆ, ಎಡಬದಿ ಮಾತ್ರ ನಿಧಾನವಾಗಿ ಹಿಂದಕ್ಕೆ ಜಾರುತ್ತದೆ. ಅವರ ದೇಹವೂ ಅತ್ತಲೇ ವಾಲುವುದರಿಂದ ಊಟ ಮಾಡಿಸಲು ಭಯವಾಗುತ್ತಿದೆ. ಗ್ಯಾಸ್ ಸ್ಪ್ರಿಂಗ್ (ಬೆನ್ನೊರಗನ್ನು ಬೇಕಾದ ಕೋನದಲ್ಲಿ ಹಿಡಿದಿಡುವ, ಅನಿಲ ತುಂಬಿದ ಸಿಲಿಂಡರ್) ಬದಲಾಯಿಸಲೇಬೇಕೇ?

ಉತ್ತರ 1:
ಈಗಲೇ ಹಾಗೆ ತೀರ್ಮಾನಿಸಬೇಡಿ. ಮೊದಲು ಕೇಬಲ್ ನೋಡಿ. ಗ್ಯಾಸ್ ಸ್ಪ್ರಿಂಗಿನ ತುದಿಯಲ್ಲಿ ಸಣ್ಣ ಪಿನ್ ಇರುತ್ತದೆ. ಲಿವರ್ ಒತ್ತಿದಾಗ ಕೇಬಲ್ ಎಳೆದು ಪಿನ್ ಒಳಗೆ ಹೋಗುತ್ತದೆ, ಕವಾಟ ತೆರೆದು ದಂಡ ಚಲಿಸುತ್ತದೆ; ಲಿವರ್ ಬಿಟ್ಟಾಗ ಪಿನ್ ಪೂರ್ತಿ ಹೊರಬಂದರೆ ಮಾತ್ರ ಕವಾಟ ಮುಚ್ಚುತ್ತದೆ. ಕೇಬಲ್ ಅತಿ ಬಿಗಿಯಾಗಿದ್ದರೆ ಅಥವಾ ಕವಚದೊಳಗೆ ತುಕ್ಕು ಹಿಡಿದು ಸಿಕ್ಕಿಕೊಂಡರೆ ಪಿನ್ ಅರ್ಧ ಒತ್ತಿದಂತೆಯೇ ಉಳಿದು, ನೀವು ಹೇಳಿದಂತೆ ಜಾರತೊಡಗುತ್ತದೆ.

ತಂದೆಯವರನ್ನು ಹಾಸಿಗೆಗೆ ವರ್ಗಾಯಿಸಿ, ಬ್ರೇಕ್ ಹಾಕಿ, ಎಡಬದಿಯ ಕೇಬಲ್ ತುದಿಯನ್ನು ಸ್ಪ್ರಿಂಗಿನ ಬಳಿ ಕಳಚಿ ಬೆನ್ನೊರಗನ್ನು ಕೈಯಿಂದ ಹಿಂದಕ್ಕೆ ಒತ್ತಿ. ಎಡಬದಿ ಅಲುಗದಿದ್ದರೆ ದೋಷ ಕೇಬಲ್‌ನದು. ಆಗಲೂ ಜಾರಿದರೆ, ಪಿನ್ ಒತ್ತುವ ತಲೆಭಾಗ ದಂಡದ ಮೇಲೆ ಅತಿಯಾಗಿ ತಿರುಗಿಕೊಂಡಿಲ್ಲವೆಂದು ನೋಡಿ; ಅದು ಸರಿಯಿದ್ದರೆ ಸ್ಪ್ರಿಂಗ್ ಕೆಟ್ಟಿದೆ ಎಂದೇ ತಿಳಿಯಿರಿ.

ಕೇಬಲ್ ಸರಿಹೊಂದಿಸುವ ಕ್ರಮ ಸೈಕಲ್ ಬ್ರೇಕಿನದೇ: ಲಾಕ್ ನಟ್ ಸಡಿಲಿಸಿ, ಹೊಂದಾಣಿಕೆಯ ತಿರುಪನ್ನು ಒಳಕ್ಕೆ ತಿರುಗಿಸಿ, ಲಿವರ್ ಎಳೆತ ಹಿಡಿಯುವ ಮುನ್ನ ತುಸು ಸಡಿಲ ಉಳಿಯುವಂತೆ ಮಾಡಿ ನಟ್ ಬಿಗಿಗೊಳಿಸಿ. ಎರಡೂ ಬದಿಯ ಸಡಿಲ ಒಂದೇ ಸಮ ಇರಬೇಕು. ಇಲ್ಲವಾದರೆ ಒಂದು ಬದಿ ಮೊದಲು ಬಿಟ್ಟುಕೊಂಡು ಚೌಕಟ್ಟು ತಿರುಚುತ್ತದೆ.

ಉತ್ತರ 2:
ಮೇಲಿನ ಉತ್ತರಕ್ಕೆ ಒಂದು ಎಚ್ಚರಿಕೆಯನ್ನು ಸೇರಿಸಲೇಬೇಕು. ಸಿಲಿಂಡರಿನಲ್ಲಿ ಹೆಚ್ಚಿನ ಒತ್ತಡದ ಸಾರಜನಕ ತುಂಬಿರುವುದರಿಂದ ಅದನ್ನು ಬಿಚ್ಚುವುದು, ಕೊರೆಯುವುದು, ಕಾಯಿಸುವುದು ಅಪಾಯಕರ. ಖಾಲಿ ಕುರ್ಚಿಯಲ್ಲಿ ಲಿವರ್ ಒತ್ತಿದರೆ ಬೆನ್ನೊರಗು ರಭಸದಿಂದ ಮೇಲೇಳಬಹುದಾದ್ದರಿಂದ ಮುಖವನ್ನು ದೂರವಿಟ್ಟು, ಒಂದು ಕೈಯಲ್ಲಿ ಹಿಡಿದುಕೊಂಡೇ ಕೆಲಸ ಮಾಡಿ. ಬದಲಾಯಿಸಬೇಕಾಗಿ ಬಂದರೆ ಸಿಲಿಂಡರಿನ ಮೇಲೆ ನ್ಯೂಟನ್ ಲೆಕ್ಕದಲ್ಲಿ ಅಚ್ಚಾಗಿರುವ ಬಲವನ್ನೂ ಉದ್ದವನ್ನೂ ಬರೆದುಕೊಂಡು, ಜೋಡಿಯಾಗಿಯೇ ಹಾಕಿಸಿ. ಹಳೆಯದರ ಜೊತೆ ಹೊಸದು ಸಮನಾಗಿ ನಿಲ್ಲುವುದು ಕಷ್ಟ.

ಉತ್ತರ 3:
ರೋಗಿಗಳ ಆರೈಕೆ ಮಾಡುವವಳಾಗಿ ನನಗೆ ಹೆಚ್ಚು ಚಿಂತೆ ತಂದದ್ದು ಊಟದ ವಿಷಯ. ಪಾರ್ಶ್ವವಾಯು ಆದವರಲ್ಲಿ ನುಂಗುವ ಶಕ್ತಿ ಕುಂದಿರಬಹುದು. ಹಿಂದಕ್ಕೆ ಜಾರುವ ಕುರ್ಚಿಯಲ್ಲಿ ತುತ್ತು ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ. ಆದುದರಿಂದ ದುರಸ್ತಿಯಾಗುವವರೆಗೆ ಗಟ್ಟಿ ಬೆನ್ನಿನ ಬೇರೆ ಆಸನದಲ್ಲಿ, ಎಡಬದಿಗೆ ದಿಂಬಿನ ಆಸರೆ ಕೊಟ್ಟು ನೆಟ್ಟಗೆ ಕೂರಿಸಿಯೇ ಉಣಿಸಿ, ಊಟದ ನಂತರ ಸುಮಾರು ಅರ್ಧ ಗಂಟೆ ಹಾಗೆಯೇ ಕೂರಿಸಿ. ದುರಸ್ತಿಯ ಬಳಿಕವೂ ಒರಗಿಸುವಾಗಲೆಲ್ಲ ಮೊದಲು ಬೆನ್ನನ್ನು ಬಾಗಿಸಿ, ಆಮೇಲೆ ಕಾಲಾಸರೆಯನ್ನು ಎತ್ತಿ. ಇಲ್ಲದಿದ್ದರೆ ಸೊಂಟ ಮುಂದಕ್ಕೆ ಜಾರಿ, ಬೆನ್ನಿನ ಕೆಳಭಾಗದ ಚರ್ಮ ಉಜ್ಜಿ ಒತ್ತಡದ ಹುಣ್ಣಾಗಬಹುದು.

ಪ್ರಶ್ನೆ ಕೇಳಿದವರು:
ತಮ್ಮೆಲ್ಲರಿಗೂ ಕೃತಜ್ಞತೆಗಳು. ಕೇಬಲ್ ಕಳಚಿದಾಗ ಎಡಬದಿ ಗಟ್ಟಿಯಾಗಿ ನಿಂತಿತು. ಕವಚವು ಚೌಕಟ್ಟಿನ ಬಳಿ ಮಡಚಿಕೊಂಡಿದ್ದು, ಒಳಗಿನ ತಂತಿಯ ಎರಡು ಎಳೆಗಳು ತುಂಡಾಗಿವೆ. ತಂತಿಯನ್ನು ಮಾತ್ರ ಬದಲಾಯಿಸಿದರೆ ಸಾಕೇ?

ಉತ್ತರ 1:
ಸಾಲದು, ಕವಚವನ್ನೂ ಬದಲಾಯಿಸಿ. ಮಡಿಕೆ ಬಿದ್ದ ಕವಚ ಹೊಸ ತಂತಿಯನ್ನೂ ಸವೆಸುತ್ತದೆ. ಹಳೆಯದನ್ನು ಮಾದರಿಗೆ ಒಯ್ದು ಅಷ್ಟೇ ಉದ್ದದ್ದನ್ನು ತನ್ನಿ; ಜೋಡಿಸಿದ ಮೇಲೆ ಬೆನ್ನೊರಗನ್ನು ಪೂರ್ತಿ ಮಲಗಿಸಿ, ಎಬ್ಬಿಸಿ, ಯಾವ ಸ್ಥಿತಿಯಲ್ಲೂ ಕೇಬಲ್ ಕೀಲಿನಲ್ಲಿ ಸಿಲುಕುವುದಿಲ್ಲ ಎಂಬುದನ್ನು ಖಚಿತಪಡಿಸಿಕೊಂಡೇ ತಂದೆಯವರನ್ನು ಕೂರಿಸಿ.