‘ಅಜೈಲ್ ಕೋಚ್‌ಗಳ ಕಮ್ಯುನಿಟಿ’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ,

ಒಂದು ಕರೆಯೋಲೆ ಬರೆಯಲು ಹೋಗಿ ಮೂರು ಪದಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಅಜೈಲ್, ಕೋಚ್, ಕಮ್ಯುನಿಟಿ. ನಿಘಂಟಿನಲ್ಲಿ ಮೂರಕ್ಕೂ ಪದಗಳಿವೆ. ಆದರೆ ವಾಕ್ಯದೊಳಗೆ ಇಟ್ಟು ನೋಡಿದರೆ ಒಂದೂ ಕೂರುತ್ತಿಲ್ಲ.

ನಾನಿರುವುದು ಹಾಸನದಲ್ಲಿ. ಕೆಲಸ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯದು, ಕೂರುವುದು ನಮ್ಮ ಮನೆಯ ಮಹಡಿ ಮೇಲೆ. ಹೋದ ವರ್ಷ ನನ್ನನ್ನು ಅಜೈಲ್ ಕೋಚ್ ಮಾಡಿದರು. ಅಜೈಲ್ ಅಂದರೆ ಬದಲಾವಣೆಗೆ ಹೊಂದಿಕೊಳ್ಳುತ್ತಾ ಸಾಫ್ಟ್‌ವೇರ್ ಮಾಡುವ ಒಂದು ವಿಧಾನ, ಅದನ್ನು ಟೀಮುಗಳಿಗೆ ರೂಢಿ ಮಾಡಿಸುವವರು ಅಜೈಲ್ ಕೋಚ್. ಬಡ್ತಿ ಅಂತ ಖುಷಿಪಟ್ಟೆ. ಆಮೇಲೆ ಗೊತ್ತಾಯಿತು, ಇಡೀ ಆಫೀಸಿನಲ್ಲಿ ಆ ಕೆಲಸಕ್ಕೆ ಇರುವವಳು ನಾನೊಬ್ಬಳೇ. ಕೇಳೋಣ ಅಂದರೆ ಯಾರೂ ಇಲ್ಲ. ಹಾಗಾಗಿ ಇದೇ ಕಸುಬಿನವರು ಆನ್‌ಲೈನಿನಲ್ಲಿ ಸೇರುವ ಒಂದು ಗುಂಪು ಹುಡುಕಿಕೊಂಡು ಹೋದೆ. ಬುಧವಾರ ರಾತ್ರಿ ಒಂದು ಗಂಟೆ ಮಾತು. ಒಬ್ಬರು ತಮ್ಮ ಟೀಮಿನ ತಲೆನೋವು ಹೇಳಿಕೊಳ್ಳುತ್ತಾರೆ, ಉಳಿದವರು ಕೇಳಿಸಿಕೊಳ್ಳುತ್ತಾರೆ. ಮೊದಲ ಸಲ ನಾನು “ನಮ್ಮ ಟೀಮಿನಲ್ಲಿ ಯಾರೂ ಬಾಯೇ ಬಿಡಲ್ಲ” ಅಂತ ದೂರಿದೆ. ಯಾರೂ ಉಪದೇಶ ಮಾಡಲಿಲ್ಲ. “ಮೀಟಿಂಗಿನಲ್ಲಿ ಮೊದಲು ಮಾತಾಡೋದು ಯಾರು?” ಅಂತ ಒಬ್ಬರು ಕೇಳಿದರು, ಅಷ್ಟೆ. ಮೊದಲು ಮಾತಾಡುತ್ತಿದ್ದವಳು ನಾನೇ! ಆಮೇಲಿನ ವಾರದಿಂದ ಕೊನೆಯಲ್ಲಿ ಮಾತಾಡುತ್ತಿದ್ದೇನೆ. ಈಗ ಟೀಮಿನ ಎಲ್ಲರಿಗೂ ಬಾಯಿ ಬಂದಿದೆ, ಸ್ವಲ್ಪ ಜಾಸ್ತಿಯೇ ಬಂದಿದೆ.

ಆ ಗುಂಪಿನ ನಾವು ನಾಲ್ಕೈದು ಕನ್ನಡದವರು ಸೇರಿ ಕನ್ನಡದಲ್ಲೇ ಮಾತಾಡುವ ಒಂದು ಕವಲು ಶುರು ಮಾಡೋಣ ಅಂದುಕೊಂಡೆವು. ಕರೆಯೋಲೆ ಬರೆಯುವ ಕೆಲಸ ನನ್ನ ತಲೆಗೆ ಬಂತು. ಮೊದಲ ವಾಕ್ಯ ಹೀಗೆ ಬರೆದೆ: “ಅಜೈಲ್ ತರಬೇತುದಾರರ ಸಮುದಾಯಕ್ಕೆ ಸೇರಿ.” ಅತ್ತೆಗೆ ಓದಿ ಹೇಳಿದೆ. ಅವರು ಆಲೂರು ಕಡೆಯವರು, ದಿನಾ ಪೇಪರನ್ನು ಕೊನೇ ಪುಟದವರೆಗೂ ಓದುವವರು.

“ಯಾವ ಸಮುದಾಯ ಅಂದೆ?”

“ಕೋಚ್‌ಗಳ ಸಮುದಾಯ ಅತ್ತೆ.”

“ಅವರು ಟೂ ಎಗೆ ಬರ್ತಾರೋ, ತ್ರೀ ಎಗೆ ಬರ್ತಾರೋ?”

ನಕ್ಕು ಸಾಕಾಯಿತು. ಆದರೆ ಅವರ ಕಿವಿಯಲ್ಲಿ ತಪ್ಪೇನಿಲ್ಲ. ಪೇಪರಿನಲ್ಲಿ ‘ಸಮುದಾಯ’ ಅಂದರೆ ಹೆಚ್ಚಿನ ಸಲ ಜಾತಿ ಅಂತಲೇ ಅರ್ಥ. ಸಮುದಾಯದ ಮುಖಂಡರು, ಸಮುದಾಯಕ್ಕೆ ನಿಗಮ, ಸಮುದಾಯದ ಹಾಸ್ಟೆಲ್. ‘ಸಮುದಾಯ ಆರೋಗ್ಯ ಕೇಂದ್ರ’ದಂಥ ಕಡೆ ಮಾತ್ರ ಆ ವಾಸನೆ ಇಲ್ಲ. ಅದಕ್ಕೆ ‘ಸೇರು’ ಬೇರೆ ಜೊತೆಯಾಯಿತು. ಶಾಲೆಗೆ ಸೇರಿದ ಅಂದರೆ ಅವನು ತಾನಾಗಿ ಹೋಗಿ ಸೇರಿದ್ದು. ಇಂಥ ಸಮುದಾಯಕ್ಕೆ ಸೇರಿದವನು ಅಂದರೆ ಹುಟ್ಟಿನಿಂದ ಬಂದದ್ದು, ಅವನ ಕೈಯಲ್ಲಿ ಏನೂ ಇಲ್ಲ. ‘ಸಮುದಾಯಕ್ಕೆ ಸೇರಿ’ ಅಂತ ಕರೆದರೆ ಮತಾಂತರಕ್ಕೆ ಕರೆದ ಹಾಗೇ ಕೇಳಿಸುತ್ತದೆ, ಅಲ್ವಾ?

‘ಸಂಘ’ ನೋಡಿದೆ. ನಮ್ಮ ಬೀದಿಯಲ್ಲಿ ಸಂಘ ಅಂದರೆ ವಾರದ ಕಂತು. ‘ಒಕ್ಕೂಟ’ ಅಂದರೆ ಹಾಲು. ‘ಬಳಗ’ ಚೆನ್ನಾಗಿದೆ, ಬೆಚ್ಚಗಿದೆ, ಆದರೆ ಅಲ್ಲಿ ಕೆಲಸದ ಸದ್ದೇ ಇಲ್ಲ. ಬಂಧು ಬಳಗ ಊಟಕ್ಕೆ ಬರುತ್ತದೆ, ಹೋಗುತ್ತದೆ. ಇದಕ್ಕೆ ಆಮೇಲೆ ವಾಪಸ್ ಬರುತ್ತೇನೆ.

ಇನ್ನು ಕೋಚ್. ಹಂಗೇರಿ ದೇಶದಲ್ಲಿ ಕೋಚ್ ಅಂತಲೇ ಒಂದು ಹಳ್ಳಿ ಇದೆ. 15ನೇ ಶತಮಾನದಲ್ಲಿ ಅಲ್ಲಿ ಮಾಡುತ್ತಿದ್ದ ಕುದುರೆ ಗಾಡಿಗೆ ಊರಿನ ಹೆಸರೇ ನಿಂತಿತು. 1830ರ ಸುಮಾರಿಗೆ ಇಂಗ್ಲೆಂಡಿನ ಕಾಲೇಜು ಹುಡುಗರು, ತಮ್ಮನ್ನು ಪರೀಕ್ಷೆ ದಾಟಿಸುವ ಮನೆಪಾಠದ ಮೇಷ್ಟ್ರಿಗೆ ತಮಾಷೆಗೆ ಆ ಗಾಡಿಯ ಹೆಸರಿಟ್ಟರು. ನಮ್ಮ ರೈಲಿನ ಕೋಚು, ಕ್ರಿಕೆಟ್ಟಿನ ಕೋಚು ಎರಡೂ ಒಂದೇ ಗಾಡಿಯ ಮಕ್ಕಳು. ಇದನ್ನು ಓದಿದ್ದೇ ತಡ, ‘ಸಾರಥಿ’ ಹೊಳೆಯಿತು. ತಾನು ಬಿಲ್ಲು ಹಿಡಿಯದೆ ಹಿಡಿಯುವವನ ಜೊತೆ ಕೂರುವವನು. ಸಿಕ್ಕೇಬಿಟ್ಟಿತು ಅಂದುಕೊಂಡೆ. ಆದರೆ ಕ್ರೀಡಾಪುಟದಲ್ಲಿ ‘ತಂಡದ ಸಾರಥಿ’ ಅಂದರೆ ಕ್ಯಾಪ್ಟನ್. ಮೇಲಾಗಿ ಸಾರಥಿಯ ಕೈಯಲ್ಲಿ ಲಗಾಮಿರುತ್ತದೆ, ಕೋಚ್ ಕೈಯಲ್ಲಿ ಇರಬಾರದು. ಕೃಷ್ಣ ಹದಿನೆಂಟು ಅಧ್ಯಾಯ ಹೇಳಿದ. ನಾನು ಅಷ್ಟು ಹೇಳಿದರೆ ಟೀಮು ಕ್ಯಾಮೆರಾ ಆಫ್ ಮಾಡಿಕೊಂಡು ಟೀ ಕುಡಿಯಲು ಹೋಗಿರುತ್ತದೆ.

‘ತರಬೇತುದಾರ’ ಇದ್ದೇ ಇದೆ. ಆದರೆ ತರಬೇತಿ ಅಂದರೆ ಗೊತ್ತಿದ್ದವನು ಗೊತ್ತಿಲ್ಲದವನಿಗೆ ಹೇಳಿಕೊಡುವುದು. ಕೋಚ್ ಕೆಲಸದಲ್ಲಿ ಹೇಳಿಕೊಡುವುದು ಸ್ವಲ್ಪ, ಕೇಳಿ ಕೇಳಿ ಅವರ ಬಾಯಿಂದಲೇ ಹೊರಡಿಸುವುದು ಜಾಸ್ತಿ. ಗರಡಿಮನೆಯ ‘ವಸ್ತಾದ್’ ಕೂಡ ನೆನಪಾಯಿತು. ಅವರು ಪಕ್ಕದಲ್ಲಿ ನಿಂತು ಪಟ್ಟು ಹೇಳುತ್ತಾರೆ, ಅಖಾಡಕ್ಕೆ ಇಳಿಯುವುದು ಹುಡುಗ. ಇಷ್ಟವಾಯಿತು. ಆದರೆ ವಸ್ತಾದರ ಎದುರು ಹುಡುಗರು ತಲೆ ಎತ್ತುವುದಿಲ್ಲ, ನಮ್ಮಲ್ಲಿ ತಲೆ ಎತ್ತಿ ಜಗಳಾಡಲೇಬೇಕು. ನನ್ನನ್ನು ಯಾರಾದರೂ ‘ವಸ್ತಾದಮ್ಮ’ ಅಂದರೆ ನಾನೇ ಓಡಿಹೋಗುತ್ತೇನೆ. ಕೋಚ್ ಅನ್ನುವುದನ್ನು ಹಾಗೇ ಬಿಡೋಣ ಅನ್ನುವುದು ನನ್ನ ತೀರ್ಮಾನ. ಬೇರೆ ಹೊಳೆದರೆ ಹೇಳಿ.

ಅಜೈಲ್ ಪದದ ಕತೆ ಇನ್ನೂ ಮಜವಾಗಿದೆ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಅನ್ನುವ ಹಿಮಬೆಟ್ಟದಲ್ಲಿ 17 ಜನ ಸಾಫ್ಟ್‌ವೇರಿನವರು ಸೇರಿ ಒಂದು ಪ್ರಣಾಳಿಕೆ ಬರೆದರು. 4 ಮೌಲ್ಯ, 12 ತತ್ವ. ಅಲ್ಲಿಯವರೆಗೆ ಅವರ ವಿಧಾನಗಳಿಗೆ ‘ಲೈಟ್‌ವೇಟ್’, ಅಂದರೆ ಹಗುರ, ಅನ್ನುತ್ತಿದ್ದರು. ಹಗುರದ ಜನ ಅನ್ನಿಸಿಕೊಳ್ಳಲು ಅವರಿಗೆ ಮನಸ್ಸಿರಲಿಲ್ಲ. ಕನ್ನಡದಲ್ಲೂ ಹಾಗೇ ಅಲ್ವಾ, ‘ಹಗುರವಾಗಿ ಮಾತಾಡಬೇಡ’ ಅನ್ನುತ್ತೇವೆ. ಕೊನೆಗೆ ‘ಅಜೈಲ್’ ಗೆದ್ದಿತು. ಆ 17 ಜನರಲ್ಲಿ ಒಬ್ಬರಾದ ಇಂಗ್ಲೆಂಡಿನ ಮಾರ್ಟಿನ್ ಫೌಲರ್ ಅವರದ್ದು ಒಂದೇ ತಕರಾರು: ಅಮೆರಿಕದವರಿಗೆ ಈ ಪದ ಉಚ್ಚರಿಸಲು ಬರುವುದಿಲ್ಲ ಅಂತ. ಅದು ಇಂದಿಗೂ ನಿಜ. ನಮ್ಮವರು ‘ಅಜೈಲ್’ ಅಂದರೆ ಅಮೆರಿಕದ ಕ್ಲೈಂಟು ‘ಅಜಲ್’ ಅನ್ನುತ್ತಾನೆ.

ನಿಘಂಟು ಕೊಡುವುದು ‘ಚುರುಕು’. ಮುಂಗಾರು ಚುರುಕು, ಬಿತ್ತನೆ ಚುರುಕು, ಬಿಸಿಲು ಚುರುಕು. ಪದ ಚೆನ್ನಾಗಿದೆ, ಅರ್ಥ ಮಾತ್ರ ವೇಗದ ಕಡೆ ಓಡುತ್ತದೆ. ಆಫೀಸುಗಳಲ್ಲಿ ಆಗಿರುವ ಅನಾಹುತವೂ ಇದೇ. ಅಜೈಲ್ ಅಂದರೆ ಬೇಗ ಮುಗಿಸಿ ಅಂತ ಮ್ಯಾನೇಜರುಗಳು ತಿಳಿದಿದ್ದಾರೆ. ಆ ನಾಲ್ಕು ಮೌಲ್ಯಗಳಲ್ಲಿ ವೇಗದ ಮಾತೇ ಇಲ್ಲ. ಹಾಕಿಕೊಂಡ ಯೋಜನೆಗೆ ಜೋತು ಬೀಳುವುದಕ್ಕಿಂತ ಬದಲಾವಣೆಗೆ ಸ್ಪಂದಿಸುವುದು ಹೆಚ್ಚು ಅನ್ನುವ ಮಾತಿದೆ.

ಇದಕ್ಕೆ ನನಗೆ ಹೊಳೆದದ್ದು ‘ಹದ’. ನಮ್ಮಪ್ಪ ಆಲೂಗಡ್ಡೆ ಬೆಳೆಯುತ್ತಿದ್ದರು. ಮೇ ತಿಂಗಳಲ್ಲಿ ಪಂಜಾಬಿನ ಜಲಂಧರ್ ಕಡೆಯ ಬಿತ್ತನೆ ಗಡ್ಡೆ ಹಾಸನದ ಎಪಿಎಂಸಿಗೆ ಬರುತ್ತಿತ್ತು. ತಂದು, ಕೊಯ್ದು, ಆಳು ಹೇಳಿ ಎಲ್ಲಾ ತಯಾರಾದ ಮೇಲೂ ಅಪ್ಪ ಬೆಳಿಗ್ಗೆ ಎದ್ದು ಒಂದು ಹಿಡಿ ಮಣ್ಣು ಅದುಮಿ ನೋಡುತ್ತಿದ್ದರು. “ಹದ ಬಂದಿಲ್ಲ, ನಾಳೆ ನೋಡೋಣ.” ಅಂಗಮಾರಿ ಬಂದು ಗಿಡವೆಲ್ಲ ಕರಕಲಾದ ವರ್ಷದ ಮಾರನೇ ವರ್ಷ ಅರ್ಧ ಹೊಲಕ್ಕೆ ಮುಸುಕಿನ ಜೋಳ ಹಾಕಿದರು. ನನ್ನ ಕಣ್ಣಿಗೆ ಅಜೈಲ್ ಅಂದರೆ ಇದು. ‘ಹದವರಿತು ಕೆಲಸ ಮಾಡುವುದು’ ಅಂತ ಬಿಡಿಸಿ ಬರೆಯಬಹುದು. ಆದರೆ ಒಂದೇ ಪದ ಮಾಡಲು ಬರುತ್ತಿಲ್ಲ. ‘ಹದಗಾರಿಕೆ’ ಅಂದರೆ ಗಾರೆ ಕೆಲಸ ನೆನಪಾಗುತ್ತದೆ.

ಚಿಲ್ಲರೆ ಪದಗಳು ಸುಲಭವಾಗಿ ಸಿಕ್ಕವು. ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಬೇಡದ್ದನ್ನು ತೆಗೆದು, ಉಳಿದದ್ದನ್ನು ಓರಣ ಮಾಡುವುದಕ್ಕೆ ‘ಕಸಿ’. ಬಯಲುಸೀಮೆಯವರಿಗೆ ಕಸಿ ಅಂದರೆ ಎರಡು ಗಿಡ ಕೂಡಿಸುವುದು. ಮೂಡಿಗೆರೆ, ಸಕಲೇಶಪುರದ ಕಾಫಿ ತೋಟದಲ್ಲಿ ಮರಗಸಿ ಅಂದರೆ ನೆರಳು ಮರದ ರೆಂಬೆ ಸವರಿ ಬೆಳಕು ಬಿಡುವುದು. ನನ್ನದು ಆ ಕಸಿ. ದಿನಾ ಬೆಳಿಗ್ಗೆಯ 15 ನಿಮಿಷದ ಮೀಟಿಂಗಿಗೆ ಮಾತ್ರ ಎಡವಿದೆ. ತೋಟದ ‘ಹಾಜರಿ’ ಅನ್ನೋಣ ಅಂದುಕೊಂಡೆ. ಮೇಸ್ತ್ರಿ ಎದುರು ಸಾಲಾಗಿ ನಿಂತು, ಹೆಸರು ಹೇಳಿಸಿಕೊಂಡು, ಇವತ್ತು ಎಲ್ಲಿ ಕೆಲಸ ಅಂತ ಕೇಳಿಕೊಂಡು ಹೋಗುವುದು. ಆ ಮೀಟಿಂಗು ಹಾಗಿರಲೇಬಾರದು. ಅದು ಟೀಮಿನವರು ತಮ್ಮತಮ್ಮಲ್ಲೇ ಮಾಡಿಕೊಳ್ಳುವ ಮಾತು. ಆದರೆ ಎಷ್ಟೋ ಕಡೆ ನಡೆಯುವುದು ಹಾಜರಿಯೇ. ಪದ ತಪ್ಪು, ವರ್ಣನೆ ಸರಿ!

ಈಗ ಮತ್ತೆ ಕಮ್ಯುನಿಟಿಗೆ. ಅತ್ತೆಯೇ ಒಂದು ದಾರಿ ಕೊಟ್ಟರು. ಬುಧವಾರ ರಾತ್ರಿ ಅಲ್ಲಿ ಏನು ಮಾಡುತ್ತೀಯ ಅಂತ ಕೇಳಿದರು. ಈ ವಾರ ನನ್ನ ತೊಂದರೆಗೆ ಅವರು ಕೂರುತ್ತಾರೆ, ಮುಂದಿನ ವಾರ ಅವರ ತೊಂದರೆಗೆ ನಾನು ಕೂರುತ್ತೇನೆ, ದುಡ್ಡಿಲ್ಲ ಕಾಸಿಲ್ಲ ಅಂದೆ. “ಮುಯ್ಯಾಳು ಅನ್ನು ಮತ್ತೆ” ಅಂದರು.

ನಾಟಿ ಕಾಲದ ಪದ್ಧತಿ ಅದು. ಇವತ್ತು ನಮ್ಮ ಗದ್ದೆಗೆ ನೀವು, ನಾಳೆ ನಿಮ್ಮ ಗದ್ದೆಗೆ ನಾವು. ಕೂಲಿ ಇಲ್ಲ, ಆದರೆ ಬಾಕಿ ಯಾರಿಗೂ ಮರೆಯುವುದಿಲ್ಲ. ಇದರಲ್ಲಿ ಕೆಲಸವೂ ಇದೆ, ಒತ್ತಾಸೆಯೂ ಇದೆ. ‘ಮುಯ್ಯಾಳು ಬಳಗ’ ಅಂತ ಬರೆದುಕೊಂಡು ಎರಡು ದಿನ ಖುಷಿಯಾಗಿದ್ದೆ. ಮೂರನೇ ದಿನ ಅನುಮಾನ ಶುರುವಾಯಿತು. ಮದುವೆ ಮನೆಯಲ್ಲಿ ಮುಯ್ಯಿ ಓದಿಸುತ್ತೇವೆ, ಸರಿ. ಆದರೆ ‘ಮುಯ್ಯಿಗೆ ಮುಯ್ಯಿ’ ಅಂದರೆ ಸೇಡು. ಈ ಪದ ಬಳಸದ ಊರಿನವರು ಕರೆಯೋಲೆ ಓದಿ, ಇದ್ಯಾವುದೋ ಹಳೇ ಬಾಸ್ ಮೇಲೆ ಸೇಡು ತೀರಿಸುವ ಗುಂಪು ಅಂದುಕೊಂಡರೆ? (ಅಂಥದ್ದಕ್ಕೆ ಜನ ಇನ್ನೂ ಜಾಸ್ತಿ ಬರಬಹುದು, ಅದು ಬೇರೆ ಮಾತು.)

ಹಾಗಾಗಿ ಕೇಳುತ್ತಿದ್ದೇನೆ. ನಿಮ್ಮ ಕಡೆ ಮುಯ್ಯಾಳು ಅನ್ನುವುದು ಇನ್ನೂ ಬಳಕೆಯಲ್ಲಿದೆಯಾ? ಪೇಟೆಯಲ್ಲಿ ಬೆಳೆದವರ ಕಿವಿಗೆ ಮೊದಲು ಯಾವ ಅರ್ಥ ಬರುತ್ತದೆ, ನೆರವೋ ಸೇಡೋ? ಉತ್ತರ ಕರ್ನಾಟಕದಲ್ಲಿ, ಕರಾವಳಿಯಲ್ಲಿ ಇದೇ ಪದ್ಧತಿಗೆ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ. ಜೊತೆಗೆ ‘ಹದ’ವನ್ನು ಒಂದೇ ಪದವಾಗಿ ಕಟ್ಟಲು ಯಾರಿಗಾದರೂ ಬಂದರೆ ಅದೂ ಬೇಕು. ಬರುವ ಬುಧವಾರ ಕರೆಯೋಲೆ ತೋರಿಸಬೇಕು. ಮಂಗಳವಾರ ರಾತ್ರಿಯೊಳಗೆ ಸಿಕ್ಕರೆ ಒಳ್ಳೆಯದು.

ಹಾಸನದಿಂದ,
ನಿಮ್ಮ ಪಟ್ಟಿಯ ಹಳೇ ಓದುಗಾರ್ತಿ, ಹೊಸದಾಗಿ ಬರೆಯುವವಳು